ದೇವರ ಮೊರ

ಸೊಸೆಗೆ ಆಶೀರ್ವಾದಗಳು.

ನೀನು ಫೋನ್ ಎತ್ತುತ್ತಿಲ್ಲ. ಅದಕ್ಕೇ ಡ್ರೈವರ್ ಕೈಯಲ್ಲಿ ಈ ಪತ್ರ ಕಳಿಸಿದ್ದೇನೆ.

ಮಗುವನ್ನು ಮಣ್ಣು ಮಾಡಿದ ದಿನ ನಾನಾಡಿದ ಮಾತಿಗೆ ಇನ್ನೂ ಮುಖ ಊದಿಸಿಕೊಂಡಿದ್ದೀಯಂತೆ. ಜೀವಮಾನವಿಡೀ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ, ಆಮೇಲೆ ತರಗತಿಯಲ್ಲಿ ವಿಕಾಸವಾದ ಕಲಿಸಿದವನು ನಾನು. ಅವೆರಡೂ ಎಣ್ಣೆ ಸೀಗೆಕಾಯಿ ಎನ್ನುವವರು ದಡ್ಡರು. ದೇವರ ಕೈಯಲ್ಲಿರುವ ಮೊರದ ಹೆಸರೇ ವಿಕಾಸ. ಅವನು ಕೇರುತ್ತಾನೆ, ಗಟ್ಟಿಕಾಳು ಉಳಿಯುತ್ತದೆ, ಜೊಳ್ಳು ಹಾರಿಹೋಗುತ್ತದೆ. ಸಮಾಧಾನಕ್ಕೆಂದು ಇಷ್ಟು ಹೇಳಿದೆ. ಅದಕ್ಕೆ "ನನ್ ಮಗು ಜೊಳ್ಳಾ?" ಅಂತ ಬಂದವರೆದುರು ಕಿರುಚಬೇಕಿತ್ತೇ?

ಹೃದಯ ಸರಿಯಿಲ್ಲದೆ ಹುಟ್ಟಿದ ಮಗು. ಅಂಥ ದೋಷ ನಮ್ಮ ರಕ್ತದಲ್ಲಿಲ್ಲ. ನಿನ್ನ ತವರಿನವರನ್ನು ವಿಚಾರಿಸು.

ತೊಟ್ಟಿಲನ್ನು ಡ್ರೈವರ್ ಜೊತೆ ಕಳಿಸಿಬಿಡು, ಚಿಕ್ಕ ಸೊಸೆಗೆ ದಿನ ತುಂಬಿದೆ. ಹಾಸಿಗೆ ಬೇಡ, ಹೊಸದು ಹೊಲಿಸಿದ್ದೇವೆ. ಕಂಬಿಗೆ ಕಟ್ಟಿದ ಗಿಲಕಿಯನ್ನು ನೀನೇ ಬಿಚ್ಚಿಟ್ಟುಕೋ.

ಮತ್ತೆ, ಅಂದು ಹೊರಡುವ ಗಡಿಬಿಡಿಯಲ್ಲಿ ನನ್ನ ಮಾತ್ರೆಯ ಡಬ್ಬಿ ನಿಮ್ಮ ಅಡುಗೆಮನೆಯ ಕಿಟಕಿಯಲ್ಲೇ ಉಳಿಯಿತು. ಹುಟ್ಟಿದಾಗಿನಿಂದ ನನ್ನ ಹೃದಯ ತಾಳ ತಪ್ಪುವುದು ನಿನಗೆ ಗೊತ್ತೇ ಇದೆ. ನಮ್ಮಪ್ಪನಿಗೂ ಹೀಗೇ ಇತ್ತು. ಆಗ ಮಾತ್ರೆ ಇರಲಿಲ್ಲ, ಪಾಪ. ಇಲ್ಲಿನ ಅಂಗಡಿಗಳಲ್ಲಿ ಅದು ಸಿಗುತ್ತಿಲ್ಲ. ನಿನ್ನೆಯಿಂದ ಮೆಟ್ಟಿಲು ಹತ್ತಲೂ ಆಗುತ್ತಿಲ್ಲ.

ತೊಟ್ಟಿಲು ಗಾಡಿಯಲ್ಲಿ ಹಿಡಿಸದಿದ್ದರೆ ಬಿಡು. ಮಾತ್ರೆ ಮಾತ್ರ ಮರೆಯಬೇಡ ತಾಯಿ, ಅದಿಲ್ಲದೆ ನಾನು ಉಳಿಯುವುದಿಲ್ಲ.

ಡ್ರೈವರ್ ಬಾಗಿಲಲ್ಲೇ ಕಾಯುತ್ತಾನೆ.

ಇಂತಿ,
ನಿನ್ನ ಮಾವ