ಸಿಲಿಂಡರ್ ಬದಲಿಸಿದ್ದು ಯಾರು

೧೪ ನವೆಂಬರ್, ಶುಕ್ರವಾರ

ಸಿಟ್ಟು ಇನ್ನೂ ಇಳಿದಿಲ್ಲ.

ಚಿಕ್ಕ ಟ್ರ್ಯಾಕ್ಟರಿನ ಸ್ಟೀರಿಂಗ್ ಸಿಲಿಂಡರಿನಿಂದ ಹದಿನೈದು ದಿನದಿಂದ ಆಯಿಲ್ ಸೋರುತ್ತಿತ್ತು. ತೆಂಗಿನ ಸಾಲಿನಲ್ಲಿ ತಿರುಗಿಸಬೇಕಾದರೆ ತೋಳು ಬಿದ್ದುಹೋಗುತ್ತಿತ್ತು. ಇವತ್ತು ತಿಪಟೂರಿನಿಂದ ಹೊಸದು ತಂದು ನಾನೇ ಹಾಕಿದೆ. ತುರುವೇಕೆರೆಯ ಅಪ್ಪನ ಗ್ಯಾರೇಜಿನಲ್ಲಿ ಕಲಿತದ್ದು ಮರೆತಿರಲಿಲ್ಲ. ಟ್ರ್ಯಾಕ್ಟರಿನ ಕೆಳಗೆ ಮಲಗಿ ಎರಡೂ ಪೈಪು ಬಿಚ್ಚಿ, ತುಕ್ಕು ಹಿಡಿದ ಪಿನ್ನನ್ನು ಸುತ್ತಿಗೆಯಲ್ಲಿ ಹೊಡೆದು ತೆಗೆದೆ. ಹೊಸದನ್ನು ಕೂರಿಸಿ ಆಯಿಲ್ ತುಂಬಿ, ಒಳಗಿನ ಗಾಳಿ ಹೋಗುವವರೆಗೂ ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ತಿರುಗಿಸಿದೆ. ಇವರು ಜಗಲಿಯಲ್ಲಿ ಕೂತು ನೋಡುತ್ತಿದ್ದರು.

ಸಂಜೆ ಶೆಟ್ಟಿಕೆರೆಯ ಗಂಗರಾಜು ಬಂದ. ಅವನ ಟ್ರ್ಯಾಕ್ಟರಿಗೂ ಅದೇ ಕಾಯಿಲೆಯಂತೆ. ಮಾವ ಮಗನತ್ತ ಕೈ ತೋರಿಸಿ ಹೆಮ್ಮೆಯಿಂದ, “ನಮ್ ಕಲ್ಲೇಶನೇ ಬಿಚ್ಚಿ ಹಾಕ್ದ ಕಣಪ್ಪ, ಮೆಕ್ಯಾನಿಕ್ಕೇ ಬೇಕಾಗ್ಲಿಲ್ಲ,” ಎಂದರು.

ಇವರು ನನ್ನ ಮುಖ ನೋಡಿದರು. ಆಮೇಲೆ, “ಅದೇನ್ ದೊಡ್ ಕೆಲ್ಸ ಬುಡು,” ಎಂದರು.

“ಹಂಗಾರೆ ನಾಳೆ ಬಂದು ನಂದೂ ಹಾಕ್ಕೊಡು ಕಣ್ಲಾ,” ಎಂದ ಗಂಗರಾಜು.

ಊಟ ಆದ ಮೇಲೆ ಇವರು ಅಡುಗೆಮನೆಗೆ ಬಂದು ಮೆಲ್ಲಗೆ ಕೇಳಿದರು. “ಯೋಗಿತಾ, ಮೊದ್ಲು ಯಾವ ಪೈಪ್ ಬಿಚ್ಬೇಕು?”

“ನೀವೇ ಹಾಕಿದ್ದಲ್ವಾ, ನಿಮ್ಗೇ ಗೊತ್ತಿರುತ್ತೆ,” ಎಂದೆ.

ಮಾವನ ಮೇಲೆ ಬೇಸರವಿಲ್ಲ. ಅವರು ಬೆಳಗಿನಿಂದ ತೋಟದಲ್ಲಿದ್ದರು, ಏನನ್ನೂ ಕಂಡಿರಲಿಲ್ಲ. ಇವರು ಕಂಡಿದ್ದರು.