ಓಡಿ ಬರುವವರಿಗೊಂದು ಕೋಣೆ

ಭಾನುವಾರ, ಮಾರ್ಚ್ ೧೨
ಮಧ್ಯಾಹ್ನ, ಹೊಲಿಗೆ ಯಂತ್ರದ ಪಕ್ಕದಿಂದ

ಮುದ್ದು ಗಿರಗಿಟ್ಲೆಗೆ ಅಮ್ಮನ ಅಕ್ಕರೆ.

ಎಷ್ಟು ದೊಡ್ಡವಳಾದರೂ ಈ ಹೆಸರು ನಿನ್ನನ್ನು ಬಿಡುವುದಿಲ್ಲ, ಮೂತಿ ಸೊಟ್ಟ ಮಾಡಬೇಡ. ಹೋದ ತಿಂಗಳ ದೋಣಿಯಲ್ಲಿ ನೀನು ಕಳಿಸಿದ ಕಾಗದ ಬಂತು. ನಿಮ್ಮ ದ್ವೀಪದಲ್ಲಿ ಗಾಳಿ ಅಳೆಯುವ ಯಂತ್ರ ಮತ್ತೆ ಕೆಟ್ಟಿದ್ದು, ನೀನು ಏಣಿ ಹತ್ತಿ ಅದನ್ನು ಬಿಚ್ಚಿ ಸರಿಮಾಡಿದ್ದು, ಎಲ್ಲ ಓದಿದೆ. ಹತ್ತುವಾಗ ಸೊಂಟಕ್ಕೆ ಹಗ್ಗ ಕಟ್ಟಿಕೊಂಡೆಯಾ ಇಲ್ಲವಾ, ಅದೊಂದನ್ನು ಮಾತ್ರ ಬರೆದಿಲ್ಲ. ಲಿಫ್ಟ್ ರಿಪೇರಿಯವರ ಮಗಳಿಗೆ ಅದನ್ನೂ ಹೇಳಿಕೊಡಬೇಕಾ? ನಿನ್ನ ಉಣ್ಣೆ ಕೋಟು ಕತ್ತರಿಸಿಟ್ಟಿದ್ದೇನೆ. ತೋಳಿನ ಅಳತೆ ಅಂದಾಜಿನದು. ಉದ್ದವಾದರೆ ಊರಿಗೆ ಬಂದಾಗ ನಾನೇ ಸರಿಮಾಡಿ ಕೊಡುತ್ತೇನೆ.

ಇನ್ನು ನೀನು ಅಪ್ಪನಿಗೆ ಹೇಳು ಅಂದ ವಿಷಯ. ಮೂರು ಸಲ ಬರೆದು ಮೂರು ಸಲ ಹರಿದು ಹಾಕಿದೆ. ಈ ಸಲ ಹರಿಯುವುದಿಲ್ಲ.

ನೀವಿಬ್ಬರೂ ಆಡುವ ಕಂಪ್ಯೂಟರ್ ಆಟದಲ್ಲಿ ಅಪ್ಪ ಈಗೀಗ ಕಟ್ಟುತ್ತಿರುವ ಬಾಹ್ಯಾಕಾಶದ ಯುದ್ಧನೌಕೆಗಳು ತುಂಬಾ ಚೆನ್ನಾಗಿವೆ ಅಂತ ಬರೆದಿದ್ದೀಯ. ಹಳೇ ನೌಕೆಗಳನ್ನೆಲ್ಲ ಬಿಚ್ಚಿ ಎಂಜಿನ್ ಬದಲಾಯಿಸಿದ್ದಾರೆ, ಕವಚ ಮೂರು ಪದರ ಆಗಿದೆ, ಮುಂದಿದ್ದ ಫಿರಂಗಿ ಹಿಂದಕ್ಕೆ ಹೋಗಿದೆ, ಇಷ್ಟು ವರ್ಷದಲ್ಲಿ ಇಂಥವನ್ನು ಕಟ್ಟಿರಲಿಲ್ಲ ಅಂತ. ಕೋಪ ಇನ್ನೂ ಇಳಿದಿಲ್ಲ, ಆದರೂ ನೌಕೆಗೆ ನೂರಕ್ಕೆ ನೂರು ಕೊಟ್ಟೆ ಅಂತ ಅಪ್ಪನಿಗೆ ಹೇಳು ಅಂದಿದ್ದೀಯ.

ಹೇಳಲಿಕ್ಕಾಗಲಿಲ್ಲ ಕಂದಾ. ನಿನ್ನಪ್ಪ ಹೋಗಿ ನಾಲ್ಕು ತಿಂಗಳಾಯಿತು.

ಕೆಲಸದ ಜಾಗದಲ್ಲೇ. ಆರನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲಿಗೆ ಎಣ್ಣೆ ಬಿಡುತ್ತಿದ್ದವರು ಡಬ್ಬಿ ಕೈಯಲ್ಲಿ ಹಿಡಿದ ಹಾಗೇ ಗೋಡೆಗೆ ಒರಗಿ ಕೂತರಂತೆ. ನೋವು ಗೊತ್ತಾಗಿರಲಿಕ್ಕಿಲ್ಲ ಅಂದರು ಡಾಕ್ಟರು. ರೇಡಿಯೋದಲ್ಲಿ ನಿನಗೆ ತಿಳಿಸೋಣವೇ ಅಂತ ನಿಮ್ಮ ಆಫೀಸಿನವರು ಕೇಳಿದರು. ಬೇಡ ಅಂದವಳು ನಾನು. ದೋಣಿ ಅದರ ಹಿಂದಿನ ದಿನವಷ್ಟೇ ಹೊರಟುಹೋಗಿತ್ತು. ಸುತ್ತ ನೀರು, ಜೊತೆಗೆ ಮೂರು ಜನ, ಅಪ್ಪನ ಹತ್ತಿರ ಎರಡು ವರ್ಷದಿಂದ ಮಾತು ಬಿಟ್ಟವಳು ನೀನು. ಅದನ್ನು ಎದೆಯಲ್ಲಿಟ್ಟುಕೊಂಡು ಏಣಿ ಹತ್ತುತ್ತೀಯಲ್ಲ ಅಂತ ಹೆದರಿದೆ. ಆಮೇಲಿನ ದೋಣಿಗಳಿಗೂ ಬರೆಯಲು ಕೈ ಬರಲಿಲ್ಲ. ಬೈಯುವಷ್ಟು ಬೈದುಬಿಡು. ಆಮೇಲೆ ಹೊಟ್ಟೆಗೆ ಹಾಕಿಕೋ.

ನಿನಗೆ ಅನುಮಾನ ಬರಬಾರದು ಅಂತ ಆಟ ನಿಲ್ಲಿಸಲಿಲ್ಲ. ದ್ವೀಪದ ಕೆಲಸಕ್ಕೆ ಹೋಗುವುದಾದರೆ ನನ್ನ ಜೊತೆ ಮಾತಾಡಬೇಡ ಅಂತ ಅಪ್ಪ ಅಂದರು, ನೀನೂ ಹಾಗೇ ಮಾಡಿದೆ. ಇಬ್ಬರಿಗೂ ಮೂಗಿನ ತುದಿಯಲ್ಲಿ ಕೋಪ. ಆದರೆ ಆ ಆಟ ಮಾತ್ರ ಇಬ್ಬರೂ ಬಿಡಲಿಲ್ಲ. ನಿಮ್ಮಲ್ಲಿ ವಾರಕ್ಕೊಮ್ಮೆ ಸಿಗುವ ಚೂರು ಸಿಗ್ನಲ್ಲಿನಲ್ಲಿ ಒಂದೊಂದು ಸರದಿ. ಅವರು ನೌಕೆ ಕಟ್ಟುವುದು, ನೀನು ಸೇನೆ ನಡೆಸುವುದು. ಶತ್ರು ಬಂದರೆ ಅಪ್ಪ ಮಗಳು ಒಂದೇ. ನಿನ್ನ ಮನೆಗ್ರಹಕ್ಕೆ ಮಾತ್ರ ನೀನು ಗಡಿ ಮುಚ್ಚಿಬಿಟ್ಟೆ, ಅಪ್ಪನ ಒಂದು ನೌಕೆಯೂ ಅಲ್ಲಿ ಇಳಿಯುವ ಹಾಗಿಲ್ಲ. ಪ್ರತಿ ಭಾನುವಾರ ಕಂಪ್ಯೂಟರ್ ಹಾಕಿದ ಕೂಡಲೇ ಅವರು ನೋಡುತ್ತಿದ್ದದ್ದು ಅದನ್ನೇ. ಗಡಿ ತೆಗೆದಳೇನೋ ಅಂತ. ಇಲ್ಲ ಅಂತ ಗೊತ್ತಾದ ಮೇಲೆ ಗಂಟಲು ಸರಿಮಾಡಿಕೊಂಡು ಕೆಲಸಕ್ಕೆ ಕೂರುತ್ತಿದ್ದರು. ನಿನಗೆ ಇದು ಗೊತ್ತಿರಲಿ.

ನನಗೆ ಗೊತ್ತಿದ್ದದ್ದು ಕೆಂಪು ಗುಂಡಿ ಒಂದೇ, ‘ಸರದಿ ಮುಗಿಸು’ ಅನ್ನುವುದು. ಅವರಿಲ್ಲದ ಮೊದಲ ಭಾನುವಾರದಿಂದ ಅದೊಂದನ್ನು ಒತ್ತಿ ಎದ್ದು ಬರುತ್ತಿದ್ದೇನೆ. ನೌಕೆ ಕಟ್ಟುವುದರ ತಲೆಬುಡ ನನಗೆ ತಿಳಿಯದು. ಹಾಗಿರುವಾಗ ನಿನ್ನ ಕಾಗದದಲ್ಲಿ ಎಂಜಿನ್ನು, ಕವಚ, ಫಿರಂಗಿ ಅಂತೆಲ್ಲ ಓದಿದರೆ ನಾನು ಸುಮ್ಮನೆ ಕೂರುತ್ತೇನಾ?

ಕಂಪ್ಯೂಟರ್ ರಿಪೇರಿಯವರನ್ನು ಕರೆಸಿದೆ. ಆಳು ನಿಮ್ಮಿಬ್ಬರ ಹಾಗೇ, ಇದೇ ಆಟದ ಹುಚ್ಚು. ಅವರೇ ನೋಡಿ ಹೇಳಿದರು. ಅಪ್ಪ ಮುಂಚಿತವಾಗಿ ಹಚ್ಚಿಟ್ಟು ಹೋಗಿದ್ದ ಕೆಲಸ ಆರು ಸರದಿಗೆ ಮುಗಿದಿದೆ, ಆಮೇಲಿನದೆಲ್ಲ ಹೊಸದು, ಈ ಕಂಪ್ಯೂಟರಿನಿಂದಲೇ ಆಗಿದ್ದು. ಹೊಸ ನೌಕೆಯನ್ನು ತೆಗೆದು ನೋಡುವುದು ಹೇಗೆ ಅಂತ ನನಗೂ ತೋರಿಸಿದರು. ತೋರಿಸುತ್ತಾ ನಕ್ಕರು. ಯಾರ್ರೀ ಇದನ್ನ ಕಟ್ಟಿದ್ದು, ಹತ್ತು ಕೋಣೆಯಲ್ಲಿ ಒಂದು ಸುಮ್ಮನೆ ದಂಡ ಆಗಿದೆಯಲ್ಲ, ಇನ್ನೊಂದು ಫಿರಂಗಿ ಕೂರಿಸಬಹುದಿತ್ತು, ಅಂದರು. ನಮ್ಮೆಜಮಾನರು ಅಂದೆ. ಸಂಜೆ ಸಿಗ್ತಾರಾ, ಸ್ವಲ್ಪ ಮಾತಾಡ್ಬೇಕಿತ್ತು ಅಂದರು. ಅವರು ತೀರಿಕೊಂಡಿದ್ದಾರೆ ಅಂತ ಹೇಳಿದೆ. ಪಾಪ, ಕೊಟ್ಟ ನೀರನ್ನೂ ಕುಡಿಯದೆ ಹೋದವರು ಸ್ಕ್ರೂಡ್ರೈವರ್ ಇಲ್ಲೇ ಮರೆತಿದ್ದಾರೆ. ವಾಪಸ್ ತೆಗೆದುಕೊಂಡು ಹೋಗಲು ಇವತ್ತಿನ ತನಕ ಬಂದಿಲ್ಲ.

ಆ ಖಾಲಿ ಕೋಣೆಗೆ ನೀನೂ ಅಪ್ಪನೂ ಎಷ್ಟು ಕಿತ್ತಾಡಿದ್ದೀರಿ! ಎಂಟು ಜನರ ಲಿಫ್ಟಿಗೆ ಏಳೇ ಜನ ಹತ್ತಿದ್ದರೆ ನಿನ್ನಪ್ಪ ಬಾಗಿಲು ಹಾಕಲು ಬಿಡುತ್ತಿರಲಿಲ್ಲ. ಕತ್ತು ಹೊರಗೆ ಹಾಕಿ ಮೊಗಸಾಲೆಯ ಉದ್ದಕ್ಕೂ ನೋಡುತ್ತಿದ್ದರು. ಓಡ್ಕೊಂಡ್ ಬರೋರು ಒಬ್ರು ಇದ್ದೇ ಇರ್ತಾರೆ ಕಣೇ ಅನ್ನುವರು. ನೌಕೆಯಲ್ಲೂ ಅದೇ. ಯುದ್ಧದಲ್ಲಿ ಯಾರು ಓಡಿ ಬರುತ್ತಾರೆ ಅಂತ ನೀನು ಕೂಗಾಡಿದರೂ ಆ ಒಂದು ಕೋಣೆ ತುಂಬಲಿಲ್ಲ. ಬೇರೆ ಯಾರೂ ಮಾಡದ ತಪ್ಪು ಅದು. ಅದಕ್ಕೇ ಕಟ್ಟುತ್ತಿರುವುದು ಅವರೇ ಅನ್ನುವುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ.

ಆದರೂ ಒಂದು ಪರೀಕ್ಷೆ ಮಾಡಿದೆ. ನಗಬೇಡ. ಕಂಪ್ಯೂಟರಿಗೆ ದಪ್ಪ ಬಟ್ಟೆಯ ಗವಸು ಹಾಕಿ, ಪ್ಲಗ್ಗು ಕಿತ್ತು ಅದರೊಳಗೇ ಸೇರಿಸಿ, ಸುತ್ತ ಜೋಡಿ ದಾರದಲ್ಲಿ ಹೊಲಿದುಬಿಟ್ಟೆ. ನನ್ನ ಹೊಲಿಗೆಯನ್ನು ಬಿಚ್ಚಿ ಮತ್ತೆ ಅದೇ ತೂತುಗಳಲ್ಲಿ ಹೊಲಿಯುವವರು ಈ ಬೀದಿಯಲ್ಲಿಲ್ಲ. ಹೋದ ಭಾನುವಾರ ಬೆಳಿಗ್ಗೆ ನೋಡಿದರೆ ಒಂದು ಎಳೆಯೂ ಅಲುಗಿರಲಿಲ್ಲ. ಕತ್ತರಿಸಿ ತೆಗೆದು ಕಂಪ್ಯೂಟರ್ ಹಾಕಿದೆ. ಹೊಸ ನೌಕೆಯೊಂದು ನಿಂತಿತ್ತು. ಅದರ ಹೆಸರು ‘ಗಿರಗಿಟ್ಲೆ’. ಗವಸಿನ ಒಳಬದಿಗೆ ಲಿಫ್ಟಿನ ಎಣ್ಣೆಯ ವಾಸನೆ ಹೊಡೆಯುತ್ತಿತ್ತು. ಹೆದರಿಕೆಯೋ ಸಂತೋಷವೋ ನನಗೇ ತಿಳಿಯಲಿಲ್ಲ. ಇಷ್ಟು ದಿನ ಒಬ್ಬಳೇ ಇದ್ದೇನೆ ಅಂದುಕೊಂಡು ಅತ್ತಿದ್ದೆಲ್ಲ ದಂಡವಾಯಿತಲ್ಲ ಅಂತ ಸಿಟ್ಟೂ ಬಂತು.

ಆ ನೌಕೆ ನಿನ್ನ ಮನೆಗ್ರಹದ ಕಡೆ ಹೊರಟಿದೆ. ಒಂಬತ್ತು ಸರದಿಯ ದಾರಿ. ಈ ಕಾಗದ ಮೂರು ವಾರಕ್ಕೆ ನಿನ್ನ ಕೈ ಸೇರುತ್ತದೆ. ಅದಕ್ಕೇ ಕೇಳುತ್ತಿದ್ದೇನೆ, ಗಡಿ ತೆಗಿ. ಬಾಯಿಬಿಟ್ಟು ತಪ್ಪಾಯಿತು ಅಂದ ಮನುಷ್ಯನಲ್ಲ, ಹೀಗಾದರೂ ಬರುತ್ತಿದ್ದಾರೆ. ನಿನ್ನ ಮುಖ ನೋಡದೆ ಅವರಿಗೆ ಸಮಾಧಾನವಿಲ್ಲ. ಬಾಗಿಲಲ್ಲಿ ನಿಲ್ಲಿಸಬೇಡ ಕಂದಾ.

ಬಿಸಿ ನೀರು ಕುಡಿ. ಹಗ್ಗ ಕಟ್ಟಿಕೋ.

ಯಾವಾಗಲೂ ನಿನ್ನ ದಾರಿ ನೋಡುವ,
ಅಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಇವತ್ತಿನ ಸರದಿ ಮುಗಿಸೋಣ ಅಂತ ಹೋದೆ. ಗಿರಗಿಟ್ಲೆಯನ್ನು ದಾರಿಯಲ್ಲೇ ಬಿಚ್ಚಿ ಮತ್ತೆ ಕಟ್ಟಿದ್ದಾರೆ. ಖಾಲಿ ಇದ್ದ ಕೋಣೆಯ ಮೇಲೆ ಈಗ ‘ಭರ್ತಿ, ಒಬ್ಬರು’ ಅಂತ ಇದೆ. ನೋಡಿ ಕಣ್ಣು ತುಂಬಿ ಬಂತು. ಆಮೇಲೆ ಅದರ ಪಕ್ಕದ್ದು ಕಣ್ಣಿಗೆ ಬಿತ್ತು. ಅಲ್ಲಿದ್ದ ಫಿರಂಗಿ ಕಿತ್ತು ಇನ್ನೊಂದು ಕೋಣೆ ಖಾಲಿ ಮಾಡಿದ್ದಾರೆ, ನಿನಗೆ ಅಂತ.

ಗಡಿ ತೆಗಿ ಅಂತ ಮೇಲೆ ಬರೆದದ್ದನ್ನು ಬಿಟ್ಟುಬಿಡು. ತೆಗೆಯಬೇಡ. ಅವರು ನಿನಗೆ ಕೆಟ್ಟದ್ದು ಬಯಸುವವರಲ್ಲ. ನಿನ್ನ ಮೇಲಿನ ಆಸೆಗೆ ಹಿಂದೆ ಮುಂದೆ ಯೋಚಿಸಿಲ್ಲ, ಅಷ್ಟೇ. ನಾನು ಎರಡನೇ ಗುಂಡಿ ಕಲಿತೆ. ನೌಕೆಯನ್ನು ನಮ್ಮ ಮನೆಗ್ರಹದ ಕಡೆ ತಿರುಗಿಸಿದ್ದೇನೆ, ತಿರುಗಿತು. ಇಲ್ಲಿಗೆ ಮುಟ್ಟಲು ಎರಡು ಭಾನುವಾರ ಸಾಕಂತೆ. ಅಷ್ಟರಲ್ಲಿ ನಿನ್ನ ಕೋಟು ಹೊಲಿದು ದೋಣಿಯವರ ಕೈಗೆ ಕೊಟ್ಟಿರುತ್ತೇನೆ. ತೋಳು ಉದ್ದವಾದರೆ ಒಳಗೆ ಮಡಚಿ ನೀನೇ ಹೊಲಿದುಕೋ.