ಮೂರನೆಯ ಪ್ರಶ್ನೆಗೆ ಪುಟದುದ್ದದ ಉತ್ತರ

ನಮ್ಮ ವಾರ್ಡಿನ ಅಭ್ಯರ್ಥಿಯೂ ಆಗಿರುವ ಅಮ್ಮನಿಗೆ,

ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ತೊಂದರೆಗಳ ಬಗ್ಗೆ ನಮ್ಮ ಕ್ಯಾಂಪಸ್ ಪತ್ರಿಕೆ ಕೇಳಿದ್ದ ಪ್ರಶ್ನೆಗಳಿಗೆ ನಿನ್ನ ಉತ್ತರ ತಲುಪಿತು. ಹಾಸ್ಟೆಲ್ಲಿಗೂ ರೂಮಿನ ಬಾಡಿಗೆಗೂ ಒಂದೊಂದೇ ಸಾಲು, ಬಸ್ಸಿಗೆ ಮಾತ್ರ ಇಡೀ ಪುಟ. ಒಂದು ಉತ್ತರಕ್ಕೆ ನಲವತ್ತೇ ಪದ ಎಂಬುದು ನಮ್ಮ ನಿಯಮ. ಅಮ್ಮನೆಂದು ಸಡಿಲ ಬಿಟ್ಟರೆ ಉಳಿದ ಮೂವರು ಅಭ್ಯರ್ಥಿಗಳು ಸುಮ್ಮನಿರುತ್ತಾರೆಯೇ? ಯಾವ ಸಾಲು ತೆಗೆಯಲಿ, ಬುಧವಾರದೊಳಗೆ ತಿಳಿಸು.

ಆ ಮೂವರೂ 'ಬಸ್ಸು ಹೆಚ್ಚಿಸುತ್ತೇವೆ' ಎಂದು ಕೈತೊಳೆದುಕೊಂಡಿದ್ದಾರೆ. ನೀನೊಬ್ಬಳೇ ದಿನ, ಗಂಟೆ ಸಮೇತ ಬರೆದಿದ್ದೀಯ: ಶನಿವಾರ ಲ್ಯಾಬ್ ಮುಗಿಯುವುದು ಆರೂವರೆಗೆ, ಕೊನೆಯ ಬಸ್ಸು ಆರಕ್ಕೇ ಹೊರಡುತ್ತದೆ, ಏಳಕ್ಕೆ ಇನ್ನೊಂದು ಬೇಕು.

ಶನಿವಾರ ಲ್ಯಾಬ್ ಇರುವುದು ನಮ್ಮ ತರಗತಿಗೆ ಮಾತ್ರ, ಅಮ್ಮ. ಅದರಿಂದ ಬಸ್ಸು ತಪ್ಪಿ ಮನೆಗೆ ಬರಲಾಗುತ್ತಿಲ್ಲವೆಂದು ನಾನು ಹೇಳಿದ್ದು ಒಂದೇ ಸಲ, ನಿನ್ನ ಪ್ರಚಾರದ ಗದ್ದಲದಲ್ಲಿ. "ಆಯ್ತು ಕಣೇ, ಆಮೇಲೆ ಮಾತಾಡ್ತೀನಿ" ಅಂತ ನೀನು ಫೋನ್ ಇಟ್ಟುಬಿಟ್ಟೆ. ಊರಿಗೆಲ್ಲ ಕಿವಿಗೊಡುವವಳಿಗೆ ನನ್ನ ಮಾತು ಕೇಳಿಸಲಿಲ್ಲವೆಂದು ಎರಡು ತಿಂಗಳಿಂದ ಮುನಿಸಿಕೊಂಡು ಕೂತಿದ್ದೆ.

ನೀನು ಗೆದ್ದು ಬಸ್ಸು ಬಿಡಿಸುವವರೆಗೆ ಕಾಯಲಾರೆ. ಈ ಶನಿವಾರ ಲ್ಯಾಬ್ ಮುಗಿಸಿ ಮನೆಗೆ ನಡೆದೇ ಬರುತ್ತೇನೆ. ಬೀಗದಕೈ ಪಕ್ಕದ ಮನೆಯಲ್ಲಿ ಕೊಟ್ಟು ಪ್ರಚಾರಕ್ಕೆ ಹೋಗಿಬಿಡಬೇಡ. ಬಾಗಿಲು ನೀನೇ ತೆಗೆಯಬೇಕು.

ಇಂತಿ,
ಪತ್ರಿಕೆಯ ಸಂಪಾದಕಿ, ನಿನ್ನ ಮಗಳು